ಹಿತ್ತಲ ಗಿಡ ಮದ್ದಾಗಬೇಕಾದರೆ

"ಹಿತ್ತಲ ಗಿಡ ಮದ್ದಲ್ಲ" ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣೆದುರಿನಲ್ಲಿ ಬೆಳೆದಿರುವುದರ ಬೆಲೆಯನ್ನು ಮನುಷ್ಯನು ಅರಿಯಲಾರನೆಂಬ ಕೊರಗು ಅದರಲ್ಲಿ ಅಡಗಿದೆ. ಆದರೆ ಈ ಕಾಲದಲ್ಲಿ ಆ ಗಾದೆಯು ತಲೆಕೆಳಗಾಗಿದೆಯೆಂದು ನನಗೆ ತೋರುತ್ತದೆ. ಈಗ ಹಿತ್ತಲಲ್ಲಿ ಬೆಳೆದುದೆಲ್ಲವೂ ಮದ್ದು. ಅದು ಯಾವ ರೋಗಕ್ಕೆ, ಎಷ್ಟು ಪ್ರಮಾಣದಲ್ಲಿ, ಯಾವ ಹೊತ್ತಿನಲ್ಲಿ ಎಂಬ ವಿಚಾರಣೆಯೇ ಬೇಡವೆಂಬ ಮನೋಭಾವವು ಹಬ್ಬುತ್ತಿದೆ. ಹಿಂದಿನ ಉದಾಸೀನದಿಂದ ನಷ್ಟವಾಯಿತು, ನಿಜ. ಇಂದಿನ ಅತಿವಿಶ್ವಾಸದಿಂದಲಾದರೋ ಪ್ರಾಣಕ್ಕೇ ಅಪಾಯವೊದಗುವ ಸಂದರ್ಭಗಳುಂಟು. ಅಂಥದೊಂದು ಸಂದರ್ಭವನ್ನು ಕುರಿತು, ಎಂದರೆ ಕ್ಯಾನ್ಸರ್ ರೋಗಕ್ಕಾಗಿ ವಿಕಿರಣ ಚಿಕಿತ್ಸೆ ಪಡೆಯುವವರ ಯಕೃತ್ತನ್ನು ಗಿಡಮೂಲಿಕೆಗಳಿಂದ ಕಾಪಾಡಬಹುದೆಂಬ ಮಾತನ್ನು ಕುರಿತು, ನಮ್ಮ ಶಾಲೆಯ ವಿದ್ಯಾರ್ಥಿಗಳೊಡನೆಯೂ ಅವರ ತಾಯಿತಂದೆಗಳೊಡನೆಯೂ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ನಾನು ವೈದ್ಯನಲ್ಲ, ವಿಜ್ಞಾನದ ಅಧ್ಯಾಪಕನೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಕನ್ನಡ ಪಾಠ ಹೇಳುವುದನ್ನೇ ಜೀವನವೃತ್ತಿಯಾಗಿ ಮಾಡಿಕೊಂಡವನು. ಈ ನಗರಕ್ಕೆ ಬರುವ ಮೊದಲು ಕೆಲವು ವರ್ಷ ವಿಜಯವಾಡದಲ್ಲಿಯೂ ಅನಂತರ ವಿಶಾಖಪಟ್ಟಣದಲ್ಲಿಯೂ ಇದ್ದು, ರೈಲ್ವೆ, ಬ್ಯಾಂಕು, ಉಕ್ಕಿನ ಕಾರ್ಖಾನೆಗಳ ಕೆಲಸಕ್ಕಾಗಿ ಅಲ್ಲಿಗೆ ಬಂದಿದ್ದ ಕನ್ನಡಿಗರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದೆ. ಕಾಮಾಲೆಗೆ ಕೊಡುವ ಸೊಪ್ಪಿನ ರಸವನ್ನು ಅಲ್ಲಿಯವರು "ಪಸರು ಮಂದು" ಎನ್ನುತ್ತಾರೆ. ತೆಲುಗಿನ ಪಸರು, ನಮ್ಮ ಹಳಗನ್ನಡದ ಪಸುರ್, ಹೊಸಗನ್ನಡದ ಹಸುರು, ಇವೆಲ್ಲ ಒಂದೇ ಬೇರಿನಿಂದ ಚಿಗುರಿದ ಮಾತುಗಳು. ಮಂದು ಎಂಬುದು ನಮ್ಮ ಮದ್ದೇ. ನುಡಿ ಬೇರೆಯಾದರೂ ನಂಬಿಕೆ ಒಂದೇ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನಡೆಯುತ್ತಿದ್ದ ಕೆಲವು ಮನೆಗಳಲ್ಲಿ ಈ ಪಸರನ್ನು ಬೆಳಗಿನ ಬರಿಹೊಟ್ಟೆಯಲ್ಲಿ ರೋಗಿಗೆ ಕುಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. "ಕಿರಣದ ಕಾವು ಲಿವರಿಗೆ ತಾಗದಿರಲಿ" ಎಂಬುದು ಅವರ ಉದ್ದೇಶ. "ಡಾಕ್ಟರಿಗೆ ಹೇಳಿದಿರಾ?" ಎಂದು ಕೇಳಿದರೆ, "ಹೇಳಿದರೆ ಬೈಯುತ್ತಾರೆ" ಎಂಬುದೇ ಉತ್ತರ. ಈ ಮುಚ್ಚುಮರೆಯೇ ನನ್ನನ್ನು ಈ ಲೇಖನಕ್ಕೆ ಪ್ರೇರಿಸಿದ್ದು.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಯಕೃತ್ತು, ಅಥವಾ ಪಿತ್ತಜನಕಾಂಗವು, ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಅವಯವ. ಉಂಡ ಆಹಾರದ ಸಾರವೂ ನುಂಗಿದ ಔಷಧವೂ ಮೈಯಲ್ಲಿ ಸೇರುವ ಮೊದಲು ಅದರ ಬಾಗಿಲನ್ನು ದಾಟಿಯೇ ಹೋಗಬೇಕು. ಜಠರ, ಮೇದೋಜೀರಕ ಗ್ರಂಥಿ, ಬಲ ಶ್ವಾಸಕೋಶದ ಕೆಳಭಾಗ ಅಥವಾ ಯಕೃತ್ತಿನಲ್ಲಿಯೇ ಗೆಡ್ಡೆಯಿದ್ದು ಅದಕ್ಕೆ ವಿಕಿರಣ ಕೊಡಬೇಕಾದಾಗ, ಆ ಕಿರಣಗಳ ಒಂದು ಪಾಲು ಯಕೃತ್ತಿನ ಆರೋಗ್ಯವಂತ ಭಾಗಕ್ಕೂ ಬೀಳುತ್ತದೆ. ಕಿರಣವು ಜೀವಕೋಶದೊಳಗಿನ ನೀರಿನ ಅಣುವನ್ನು ಒಡೆಯುತ್ತದೆ. ಆಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಕಣವು ಹುಟ್ಟುತ್ತದೆ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಕಾಲವೂ ಬಾಳದ ಈ ಕಣವು ಅಷ್ಟರೊಳಗೆ ಜೀವಕೋಶದ ವಂಶತಂತುವನ್ನೂ ಪೊರೆಯ ಕೊಬ್ಬನ್ನೂ ಕೆಡಿಸಬಲ್ಲದು. ಗೆಡ್ಡೆಯು ನಾಶವಾಗುವುದೂ ಇದರಿಂದಲೇ. ನೆರೆಯ ಅವಯವವು ನೋಯುವುದೂ ಇದರಿಂದಲೇ.

ಯಕೃತ್ತು ಕಿರಣವನ್ನು ಬಹಳವಾಗಿ ಸಹಿಸಬಲ್ಲದೆಂದು ಒಂದು ಕಾಲದಲ್ಲಿ ವೈದ್ಯರು ಭಾವಿಸಿದ್ದರು. ೧೯೬೫ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ವಿಕಿರಣಜನ್ಯ ಯಕೃತ್ತಿನ ಕಾಯಿಲೆಯನ್ನು ವಿವರವಾಗಿ ವರ್ಣಿಸಿದ ಮೇಲೆ ಆ ಭಾವನೆ ಬದಲಾಯಿತು. ದೇಹವು ಹೀರಿದ ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಇಡೀ ಯಕೃತ್ತಿಗೆ, ದಿನದಿನವೂ ಸ್ವಲ್ಪಸ್ವಲ್ಪವಾಗಿ, ಒಟ್ಟು ಸುಮಾರು ೩೦ ಗ್ರೇ ಮೀರಿ ಕೊಟ್ಟರೆ ಅಪಾಯವು ಏರತೊಡಗುತ್ತದೆಂದು ಈಗ ಗೊತ್ತಾಗಿದೆ. ಆದುದರಿಂದ ಇಂದಿನ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲೇ ದೇಹದ ಒಳಚಿತ್ರವನ್ನು ತೆಗೆದು, ಗಣಕಯಂತ್ರದ ನೆರವಿನಿಂದ ಕಿರಣದ ಹಾದಿಯನ್ನು ಗೊತ್ತುಮಾಡಿ, ಯಕೃತ್ತಿನ ಬಹುಭಾಗವು ಆ ಹಾದಿಗೆ ಸಿಕ್ಕದಂತೆ ನೋಡಿಕೊಳ್ಳುತ್ತಾರೆ. ಯಕೃತ್ತಿಗೆ ಸದ್ಯಕ್ಕೆ ದೊರೆತಿರುವ ನಂಬಿಕೆಯ ಕವಚವು ಈ ಲೆಕ್ಕಾಚಾರವೇ ಆಗಿದೆ.

ಹಾಗಾದರೆ ಗಿಡಮೂಲಿಕೆಯ ಮಾತು ಬರಿಯ ಕಟ್ಟುಕಥೆಯೇ? ಎಂದಿಗೂ ಅಲ್ಲ. ಅದಕ್ಕೆ ಆಧಾರವಾದ ಕೆಲಸವು ನಮ್ಮ ಕನ್ನಡ ನಾಡಿನಲ್ಲಿಯೇ ನಡೆದಿದೆಯೆಂಬುದು ಹೆಮ್ಮೆಯ ಸಂಗತಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಪಿ. ಉಮಾದೇವಿಯವರೂ ಅವರ ಸಹೋದ್ಯೋಗಿಗಳೂ ನಮ್ಮೆಲ್ಲರ ಅಂಗಳದ ತುಳಸಿಯನ್ನು ಪರೀಕ್ಷೆಗೆ ತೆಗೆದುಕೊಂಡರು. ೧೯೯೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿಳಿ ಸುಂಡಿಲಿಗಳಿಗೆ ತುಳಸಿಯ ಎಲೆಯ ಸಾರವನ್ನು, ದೇಹತೂಕದ ಕಿಲೋಗ್ರಾಮಿಗೆ ೧೦ ಮಿಲಿಗ್ರಾಮಿನಂತೆ, ಐದು ದಿನ ಹೊಟ್ಟೆಯೊಳಕ್ಕೆ ಸೂಜಿಯಿಂದ ಕೊಟ್ಟು, ಕೊನೆಯ ಸೂಜಿಯಾದ ೩೦ ನಿಮಿಷಕ್ಕೆ ೪.೫ ಗ್ರೇ ಗಾಮಾ ಕಿರಣಕ್ಕೆ ಒಡ್ಡಿದರು. ಬಳಿಕ ಅವುಗಳ ಯಕೃತ್ತನ್ನು ಪರೀಕ್ಷಿಸಿದರು. ಯಕೃತ್ತಿನಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವಿದೆ. ತುಳಸಿಯಿಲ್ಲದ ಇಲಿಗಳಲ್ಲಿ ಕಿರಣದಿಂದ ಅದು ಕುಗ್ಗಿತು. ಪೊರೆಯ ಕೊಬ್ಬು ಕೆಡುವ ಪ್ರಮಾಣವು ಎರಡು ಗಂಟೆಗಳಲ್ಲಿ ಸುಮಾರು ಮೂರೂವರೆ ಪಟ್ಟಿಗೆ ಏರಿತು. ತುಳಸಿಯ ಸಾರವನ್ನು ಮೊದಲೇ ಪಡೆದವುಗಳಲ್ಲಿ ಗ್ಲುಟಾಥಯೋನ್ ಕುಗ್ಗಲಿಲ್ಲ; ಕೊಬ್ಬಿನ ಕೇಡೂ ಕಡಿಮೆಯಾಯಿತು. ಓರಿಯೆಂಟಿನ್, ವೈಸೆನಿನ್ ಎಂಬ ಎರಡು ವಸ್ತುಗಳನ್ನು ತುಳಸಿಯೆಲೆಯಿಂದ ಬೇರ್ಪಡಿಸಿ, ಕಿರಣಕ್ಕೆ ಗುರಿಯಾದ ಇಲಿಗಳು ಅವುಗಳಿಂದ ಬದುಕಿ ಉಳಿಯುವ ಸಂಭವವು ಹೆಚ್ಚುವುದನ್ನೂ ಅದೇ ವಿಭಾಗದವರು ತೋರಿಸಿದರು.

ಇದು ನಿಜವಾದ ವಿಜ್ಞಾನ. ಆದರೆ ಈ ವರದಿಯನ್ನು ಓದುವವನು ಅದರ ಒಂದೊಂದು ಮಾತನ್ನೂ ಗಮನಿಸಬೇಕು. ಆ ಇಲಿಗಳಿಗೆ ಕ್ಯಾನ್ಸರ್ ಇರಲಿಲ್ಲ. ಸಾರವನ್ನು ಅವು ಕುಡಿಯಲಿಲ್ಲ. ಅದು ಸೂಜಿಯಿಂದ ಒಳಹೊಕ್ಕಿತು. ಕಿರಣ ಬೀಳುವುದಕ್ಕೆ ಮುಂಚೆ, ಗೊತ್ತಾದ ಗಳಿಗೆಯಲ್ಲಿ, ಗೊತ್ತಾದ ತೂಕದಲ್ಲಿ ಕೊಡಲ್ಪಟ್ಟಿತು. ನಮ್ಮ ಮನೆಗಳಲ್ಲಿ ಆಗುವುದೇನು? ರೋಗಿಗೆ ಕ್ಯಾನ್ಸರ್ ಇದೆ, ರಸವನ್ನು ಬಾಯಿಂದ ಕೊಡುತ್ತೇವೆ, ಅಳತೆ ಹಿಡಿಮುಷ್ಟಿಯದು, ಅನೇಕ ಸಲ ಚಿಕಿತ್ಸೆ ಮುಗಿದು ನಿಶ್ಶಕ್ತಿ ಬಂದ ಮೇಲೆ ಕೊಡಲಾರಂಭಿಸುತ್ತೇವೆ. ಮಣಿಪಾಲದ ಇಲಿಗೂ ನಮ್ಮ ರೋಗಿಗೂ ತುಳಸಿಯೆಂಬ ಹೆಸರೊಂದನ್ನು ಬಿಟ್ಟರೆ ಬೇರಾವ ಹೋಲಿಕೆಯೂ ಉಳಿಯುವುದಿಲ್ಲ.

ಹೊತ್ತಿನ ಮಾತು ಸಣ್ಣದಲ್ಲ. ೧೯೪೯ರಲ್ಲಿ ಅಮೆರಿಕದಲ್ಲಿ ಹಾರ್ವಿ ಪ್ಯಾಟ್ ಎಂಬವರೂ ಅವರ ಸಂಗಡಿಗರೂ ಸಿಸ್ಟೀನ್ ಎಂಬ ವಸ್ತುವನ್ನು ಕಿರಣಕ್ಕೆ ಮುಂಚೆ ಕೊಟ್ಟು ಇಲಿಗಳನ್ನು ಕಾಪಾಡಿದರು. ಅದನ್ನೇ ಕಿರಣದ ಅನಂತರ ಕೊಟ್ಟಾಗ ಫಲ ದೊರೆಯಲಿಲ್ಲ. ಕ್ಷಣಮಾತ್ರದಲ್ಲಿ ಹುಟ್ಟಿ ಅಳಿಯುವ ಕಣವನ್ನು ಅನಂತರ ಬಂದವನು ಹಿಡಿಯುವುದೆಂತು? ಆ ಬಳಿಕ ಅಮೆರಿಕದ ಸೈನ್ಯದ ವಾಲ್ಟರ್ ರೀಡ್ ಸಂಸ್ಥೆಯವರು ನಾಲ್ಕು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ತಯಾರಿಸಿ ಪರೀಕ್ಷಿಸಿದರು. ಅವುಗಳಲ್ಲಿ ಅಮಿಫಾಸ್ಟಿನ್ ಎಂಬುದು ದಶಕಗಳ ಶ್ರಮದ ತರುವಾಯ ರೋಗಿಗಳವರೆಗೆ ಬಂದಿತು; ೧೯೯೯ರಲ್ಲಿ, ತಲೆ ಮತ್ತು ಕತ್ತಿನ ವಿಕಿರಣ ಚಿಕಿತ್ಸೆಯಲ್ಲಿ ಬಾಯಿ ಒಣಗದಿರಲೆಂದು, ಅದಕ್ಕೆ ಅಲ್ಲಿ ಅನುಮತಿ ದೊರೆಯಿತು. ಅದನ್ನಾದರೂ ಕಿರಣಕ್ಕೆ ಸ್ವಲ್ಪ ಮುಂಚೆ ರಕ್ತನಾಳಕ್ಕೆ ಕೊಡಬೇಕು; ವಾಂತಿ, ರಕ್ತದೊತ್ತಡದ ಇಳಿತ ಮೊದಲಾದ ತೊಂದರೆಗಳುಂಟೆಂದು ರೋಗಿಯ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ಸಾವಿರಾರು ವಸ್ತುಗಳ ಜರಡಿಯಲ್ಲಿ ಉಳಿದುದರ ಗತಿಯೇ ಹೀಗಿರುವಾಗ, ಜರಡಿಗೇ ಬೀಳದ ಸೊಪ್ಪಿನ ರಸದ ಮೇಲೆ ಅಷ್ಟೊಂದು ಭರವಸೆಯಿಡುವುದು ನ್ಯಾಯವೇ?

ಇದಕ್ಕಿಂತಲೂ ಗಹನವಾದ ಪ್ರಶ್ನೆಯೊಂದಿದೆ. ಒಳ್ಳೆಯ ಜೀವಕೋಶವನ್ನು ಕಾಪಾಡುವ ವಸ್ತುವು ಗೆಡ್ಡೆಯ ಜೀವಕೋಶವನ್ನೂ ಕಾಪಾಡಿಬಿಟ್ಟರೆ? ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದ ೫೪೦ ರೋಗಿಗಳಲ್ಲಿ ಒಂದು ಗುಂಪಿಗೆ ಜೀವಸತ್ವಗಳಾದ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟೀನನ್ನೂ ಇನ್ನೊಂದು ಗುಂಪಿಗೆ ಸತ್ವವಿಲ್ಲದ ಗುಳಿಗೆಯನ್ನೂ ಕೊಟ್ಟು ನೋಡಿದರು. ೨೦೦೫ರಲ್ಲಿ ಫಲ ಪ್ರಕಟವಾಯಿತು. ಜೀವಸತ್ವ ಪಡೆದವರಿಗೆ ಚಿಕಿತ್ಸೆಯ ಉಪದ್ರವಗಳು ಕಡಿಮೆಯಾಗಿದ್ದುವು. ಆದರೆ ಅದೇ ಗುಂಪಿನಲ್ಲಿ ರೋಗವು ಮರುಕಳಿಸುವ ಒಲವು ಹೆಚ್ಚಾಗಿ ಕಂಡಿತು. ರೋಗಿಗೆ ಹಿತವೆನಿಸಿದುದೇ ರೋಗಕ್ಕೂ ಹಿತವಾದೀತೆಂಬ ಸಂದೇಹಕ್ಕೆ ಇಲ್ಲಿ ಆಧಾರವಿದೆ.

ಈ ಪಾಠವನ್ನು ಹಿಂದೆಯೇ ಕಲಿಸಿದ ಒಂದು ಪ್ರಸಂಗದಲ್ಲಿ ಆಂಧ್ರದ ಮಹನೀಯರೊಬ್ಬರ ಹೆಸರು ಸೇರಿದೆ. ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ನಡುವೆ, ಗೋದಾವರಿಯ ಬಯಲಿನಲ್ಲಿ, ಭೀಮಾವರಂ ಎಂಬ ಊರಿದೆ. ೧೮೯೫ರಲ್ಲಿ ಅಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದು, ಅಲ್ಲಿಯ ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, ೧೯೨೩ರಲ್ಲಿ ಅಮೆರಿಕ ಸೇರಿದರು. ಅವರು ಮುಂದೆ ಫೋಲಿಕ್ ಆಮ್ಲದ ತಯಾರಿಕೆಯಲ್ಲಿ ಪ್ರಮುಖರಾದರು. ಲ್ಯಾಟಿನ್ ಭಾಷೆಯ ಎಲೆ ಎಂಬರ್ಥದ ಮಾತಿನಿಂದ ಆ ಹೆಸರು ಬಂದಿದೆ. ೧೯೪೧ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು ಇಟ್ಟ ಹೆಸರದು. ಕೆಲವು ಬಗೆಯ ರಕ್ತಹೀನತೆಗೆ ಅದು ಅಮೃತಸಮಾನ. ಆದರೆ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳಿಗೆ ಅದರ ಸಂಬಂಧಿ ವಸ್ತುಗಳನ್ನು ಕೊಟ್ಟಾಗ ರೋಗವು ಇನ್ನೂ ಚುರುಕಾದಂತೆ ಕಂಡಿತು. ಅವರು ಅಳೆದು ನೋಡಿದುದರಿಂದಲೇ ಅದು ತಿಳಿಯಿತು. ಕೂಡಲೇ ಅದಕ್ಕೆ ವಿರೋಧಿಯಾದ ವಸ್ತುವನ್ನು ಅವರು ಬಯಸಿದರು. ಸುಬ್ಬರಾಯರ ತಂಡವು ಅಮಿನಾಪ್ಟೆರಿನ್ ಎಂಬುದನ್ನು ಒದಗಿಸಿತು. ೧೯೪೮ರಲ್ಲಿ, ಮಕ್ಕಳ ರಕ್ತದ ಕ್ಯಾನ್ಸರ್ ಕೆಲಕಾಲವಾದರೂ ಹಿಮ್ಮೆಟ್ಟಿದ ವರದಿ ಹೊರಬಿದ್ದಿತು. ಎಲೆಯ ಸತ್ವವು ಉತ್ತಮವಾದುದೇ. ಆದರೆ ಆ ರೋಗದಲ್ಲಿ ಅದರ ವಿರೋಧಿಯೇ ಮದ್ದಾಯಿತು. ಮುಚ್ಚುಮರೆಯಲ್ಲಿ ಕೊಟ್ಟಿದ್ದರೆ ಈ ಸತ್ಯವು ಯಾರಿಗೂ ತಿಳಿಯುತ್ತಿರಲಿಲ್ಲ.

"ಗಿಡದ ಮದ್ದಿನಿಂದ ಗುಣವಾಗದಿದ್ದರೂ ಕೆಡುಕಂತೂ ಇಲ್ಲ" ಎಂದು ಹೇಳುವವರುಂಟು. ಈ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. ೨೦೨೧ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ವರದಿಮಾಡಿದರು. ಅದು ನಿಜವಾದ ಅಮೃತಬಳ್ಳಿಯಾಗಿರದೆ ಅದೇ ಕುಲದ ಬೇರೆ ಬಳ್ಳಿಯಾಗಿರಬಹುದೆಂದು ಕೇಂದ್ರದ ಆಯುಷ್ ಸಚಿವಾಲಯವು ಆಕ್ಷೇಪಿಸಿತು. ಯಾರ ಮಾತು ಸರಿಯಾದರೂ ರೋಗಿಗಾದ ಹಾನಿ ಹಾನಿಯೇ; ಬಳ್ಳಿಯ ಗುರುತೇ ಚರ್ಚೆಗೊಳಗಾಗುವುದಾದರೆ ಎಚ್ಚರಿಕೆ ಇಮ್ಮಡಿಯಾಗಬೇಕಲ್ಲವೇ? ಅರಿಶಿನದ ಸಂಗತಿಯೂ ಹೀಗೆಯೇ. ಅಡುಗೆಯ ಅರಿಶಿನವು ಮೈಯಲ್ಲಿ ಅಷ್ಟಾಗಿ ಹತ್ತುವುದಿಲ್ಲ. ಅದರ ಸತ್ವವಾದ ಕರ್ಕ್ಯುಮಿನ್ನಿಗೆ ಮೆಣಸಿನ ಸತ್ವವಾದ ಪೈಪರಿನ್ ಸೇರಿಸಿದರೆ ರಕ್ತಕ್ಕೆ ಸೇರುವ ಪ್ರಮಾಣವು ಹಲವು ಪಟ್ಟು ಹೆಚ್ಚುವುದೆಂದು ೧೯೯೮ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ನಡೆದ ಪ್ರಯೋಗವು ತೋರಿಸಿತು. ಇಂದು ಅಂಥ ಗುಳಿಗೆಗಳು ಅಂಗಡಿಗಳಲ್ಲಿ ಸಿಕ್ಕುತ್ತವೆ. ಅರಿಶಿನದ ಗುಳಿಗೆ ನುಂಗಿದವರಲ್ಲಿ ಕೆಲವರಿಗೆ ಯಕೃತ್ತಿನ ಕಾಯಿಲೆ ಬಂದುದನ್ನು ೨೦೨೨ರಲ್ಲಿ ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. ಸಾರಿನ ಅರಿಶಿನವನ್ನಾಗಲಿ ತೀರ್ಥದ ತುಳಸಿಯನ್ನಾಗಲಿ ಕಂಡು ಯಾರೂ ಹೆದರಬೇಕಾಗಿಲ್ಲ. ಆಹಾರದ ಪ್ರಮಾಣವು ಬೇರೆ, ಔಷಧದ ಪ್ರಮಾಣವು ಬೇರೆ ಎಂಬುದಷ್ಟೇ ನನ್ನ ಮಾತು.

ಕಣ್ಣು ಹಳದಿಯಾಯಿತೇ ಎಂದು ನೋಡಿ ಯಕೃತ್ತಿನ ಸ್ಥಿತಿಯನ್ನು ತಿಳಿಯುವುದು ನಮ್ಮ ಮನೆಗಳ ರೂಢಿ. ಆದರೆ ಗೆಡ್ಡೆಯು ಪಿತ್ತನಾಳವನ್ನು ಒತ್ತಿದರೂ ಕಣ್ಣು ಹಳದಿಯಾಗುತ್ತದೆ. ವೈರಸ್ಸಿನಿಂದಲೂ, ಔಷಧದಿಂದಲೂ ಹಾಗಾಗುತ್ತದೆ. ವಿಕಿರಣದಿಂದ ಯಕೃತ್ತು ಕೆಟ್ಟಾಗಲಾದರೋ ಅನೇಕ ವೇಳೆ ಕಣ್ಣು ಹಳದಿಯಾಗದೆಯೇ ಹೊಟ್ಟೆಯಲ್ಲಿ ನೀರು ತುಂಬಿ ತೂಕ ಏರುತ್ತದೆ. ಅದೂ ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ವಾರಗಳಿಂದ ನಾಲ್ಕು ತಿಂಗಳೊಳಗೆ. ಪಸರು ಕುಡಿದು ಕಣ್ಣು ಬೆಳ್ಳಗಿದೆಯೆಂದು ನೆಮ್ಮದಿಯಿಂದಿರುವವನು ಆಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ಕಳೆದುಕೊಳ್ಳುತ್ತಾನೆ. ಪಸರು ಕುಡಿದವನ ರಕ್ತಪರೀಕ್ಷೆ ಕೆಟ್ಟು ಬಂದರೆ, ಸೊಪ್ಪಿನ ಸುದ್ದಿ ತಿಳಿಯದ ವೈದ್ಯನು ತಪ್ಪು ಕಿರಣದ್ದೆಂದೇ ಎಣಿಸಿ ಚಿಕಿತ್ಸೆಯನ್ನೇ ನಿಲ್ಲಿಸಬಹುದು. ಎರಡೂ ಕಡೆ ನಷ್ಟವು ರೋಗಿಯದೇ.

ಊರು ಬಿಟ್ಟು ಬಂದವರಿಗೆ ಇನ್ನೊಂದು ಕಷ್ಟವಿದೆ. ನಮ್ಮ ಅಮೃತಬಳ್ಳಿಯು ವಿಶಾಖಪಟ್ಟಣದಲ್ಲಿ ತಿಪ್ಪತೀಗ. ನಮ್ಮ ನೆಲನೆಲ್ಲಿ ಅಲ್ಲಿ ನೇಲ ಉಸಿರಿ. ನಮ್ಮ ಗರುಗವು ಅಲ್ಲಿ ಗುಂಟಗಲಗರ. ಹೇಳಬೇಕೆಂಬ ಮನಸ್ಸಿದ್ದರೂ ಹೇಳುವ ಹೆಸರು ಕೇಳುವವನಿಗೆ ತಿಳಿಯದು. ಈ ನಗರಕ್ಕೆ ನಾನಾ ಸೀಮೆಗಳಿಂದ ಬಂದಿರುವ ನಮ್ಮ ಮಕ್ಕಳ ಮನೆಗಳಲ್ಲಿಯೂ ಇದೇ ಪರಿಸ್ಥಿತಿಯಿದೆ. ಕನ್ನಡದ ಅಧ್ಯಾಪಕನಾದ ನನಗೆ ಇಲ್ಲಿ ಒಂದು ಕರ್ತವ್ಯವು ಕಾಣುತ್ತದೆ. ಗಿಡದ ಕನ್ನಡ ಹೆಸರು, ನೆರೆನುಡಿಯ ಹೆಸರು, ಶಾಸ್ತ್ರೀಯ ಹೆಸರು, ಈ ಮೂರನ್ನೂ ಎಲೆಯ ಚಿತ್ರದೊಡನೆ ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಮಾಡಬಹುದು. ಅಂಥ ಪುಸ್ತಕವು ಭಾಷೆಗೂ ಸೇವೆ, ರೋಗಿಗೂ ಸೇವೆ.

ತಪ್ಪು ರೋಗಿಯ ಮನೆಯವರದು ಮಾತ್ರವೆಂದು ನಾನು ಹೇಳುವುದಿಲ್ಲ. "ಹೇಳಿದರೆ ಬೈಯುತ್ತಾರೆ" ಎಂಬ ಭಯವು ಸುಮ್ಮನೆ ಹುಟ್ಟಿದುದಲ್ಲ. ವೈದ್ಯರು ಗದರುವ ಬದಲು ಕೇಳುವುದನ್ನು ಅಭ್ಯಾಸಮಾಡಿಕೊಳ್ಳಬೇಕು. ಗಿಡವನ್ನು ಹೀಗಳೆಯಲು ಅವರಿಗೂ ಅಧಿಕಾರವಿಲ್ಲ. ನಿತ್ಯಪುಷ್ಪದ ಎಲೆಯನ್ನು ಜನರು ಸಿಹಿಮೂತ್ರಕ್ಕೆ ಮದ್ದೆಂದು ಬಳಸುತ್ತಿದ್ದರು. ಕೆನಡಾದ ವಿಜ್ಞಾನಿಗಳು ಪರೀಕ್ಷಿಸಿದಾಗ, ಸಕ್ಕರೆಯ ಮಾತು ಹಾಗಿರಲಿ, ಅದು ಬಿಳಿಯ ರಕ್ತಕಣಗಳನ್ನು ಇಳಿಸುವುದು ಕಂಡುಬಂದಿತು. ೧೯೫೮ರಲ್ಲಿ ಅದರಿಂದ ವಿನ್‌ಬ್ಲಾಸ್ಟಿನ್ ದೊರೆಯಿತು. ಹಿಂದೆಯೇ ವಿನ್‌ಕ್ರಿಸ್ಟಿನ್ ಬಂದಿತು. ಇಂದಿಗೂ ಕ್ಯಾನ್ಸರ್ ವಾರ್ಡುಗಳಲ್ಲಿ ಇವು ಬಳಕೆಯಲ್ಲಿವೆ. ಹಿತ್ತಲ ಗಿಡವು ಮದ್ದಾದ ಬಗೆ ಇದು.

ನಮ್ಮ ವಿದ್ವಾಂಸರೂ ಸರ್ಕಾರಗಳೂ ಮಾಡಬೇಕಾದುದು ಬಹಳವಿದೆ. ಇಲಿಯ ಯಕೃತ್ತು ಉಳಿಯಿತೆಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ನಿಲ್ಲುವುದು, ಅದನ್ನೇ ಪತ್ರಿಕೆಗಳು "ಕ್ಯಾನ್ಸರಿಗೆ ತುಳಸಿ" ಎಂದು ಕನ್ನಡದಲ್ಲಿ ಸಾರುವುದು, ಇವೆರಡರ ನಡುವೆ ಮನುಷ್ಯರಲ್ಲಿ ನಡೆಯಬೇಕಾದ ಪರೀಕ್ಷೆಯು ಬಿಟ್ಟೇಹೋಗುತ್ತದೆ. ಒಂದು ಪರೀಕ್ಷೆಯೂ ಸಾಲದು. ೧೯೮೮ರಲ್ಲಿ ಮದರಾಸಿನ ವಿಜ್ಞಾನಿಗಳು, ಯಕೃತ್ತಿನ ಬಿ ವೈರಸ್ಸನ್ನು ಹೊತ್ತವರಿಗೆ ನೆಲನೆಲ್ಲಿಯನ್ನು ಕೊಟ್ಟಾಗ ೩೭ ಮಂದಿಯಲ್ಲಿ ೨೨ ಮಂದಿಗೆ ಗುಣ ಕಂಡಿತೆಂದು ಪ್ರಕಟಿಸಿದರು. ಬೇರೆಡೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ದೊರೆಯಲಿಲ್ಲ. ವಿಜಯವಾಡದಲ್ಲಿ ನೋರಿ ರಾಮಶಾಸ್ತ್ರಿಗಳ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜಿದೆ. ಅಲ್ಲಿಂದ ರೈಲಿನಲ್ಲಿ ಸುಮಾರು ೩೫೦ ಕಿಲೋಮೀಟರ್ ದೂರದ ವಿಶಾಖಪಟ್ಟಣದಲ್ಲಿ ೧೯೨೩ರಲ್ಲಿ ಸ್ಥಾಪಿತವಾದ ಆಂಧ್ರ ಮೆಡ‌ಿಕಲ್ ಕಾಲೇಜಿದೆ. ಟಾಟಾ ಮೆಮೋರಿಯಲ್ ಕೇಂದ್ರಕ್ಕೆ ಸೇರಿದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ನಮ್ಮಲ್ಲಿ ಮಣಿಪಾಲವಿದೆ. ಗಿಡವನ್ನು ಬಲ್ಲವರೂ ಕಿರಣವನ್ನು ಬಲ್ಲವರೂ ಒಂದೇ ಮೇಜಿನ ಸುತ್ತ ಕುಳಿತು, ರೋಗಿಯ ಒಪ್ಪಿಗೆ ಪಡೆದು, ಅಳೆದು ತೂಗಿ ಪರೀಕ್ಷಿಸಿದರೆ, ತುಳಸಿಯು ಯಕೃತ್ತಿಗೆ ಕವಚವೇ ಅಲ್ಲವೇ ಎಂಬುದು ತೀರ್ಮಾನವಾದೀತು.

ಅಲ್ಲಿಯವರೆಗೆ ನಮ್ಮ ನಡತೆ ಹೇಗಿರಬೇಕು? ವಿಕಿರಣ ಚಿಕಿತ್ಸೆ ನಡೆಯುತ್ತಿರುವಾಗ ವೈದ್ಯರನ್ನು ಕೇಳದೆ ಯಾವ ರಸವನ್ನೂ ಚೂರ್ಣವನ್ನೂ ಗುಳಿಗೆಯನ್ನೂ ಕೊಡತಕ್ಕದ್ದಲ್ಲ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡತಕ್ಕದ್ದಲ್ಲ. ಹೆಸರು ತಿಳಿಯದಿದ್ದರೆ ಎಲೆಯನ್ನೇ ಚೀಲದಲ್ಲಿ ಒಯ್ದು ತೋರಿಸಬೇಕು. ವಿದ್ಯಾರ್ಥಿಗಳೇ, ಮನೆಯ ಹಿರಿಯರಿಗೆ ಆಸ್ಪತ್ರೆಯಲ್ಲಿ ಮಾತನಾಡಲು ಸಂಕೋಚವಾದರೆ ಅವರ ಪರವಾಗಿ ನೀವು ಮಾತನಾಡಿರಿ. ಓದು ಬರಹ ಕಲಿತುದಕ್ಕೆ ಇದಕ್ಕಿಂತ ಸಾರ್ಥಕವಾದ ಉಪಯೋಗವು ಬೇರೆ ಯಾವುದಿದ್ದೀತು?

ಲಕ್ಷ್ಮಣನು ಮೂರ್ಛೆಹೋದಾಗ ಹನುಮಂತನು ಮೂಲಿಕೆಯ ಗುರುತು ಸಿಕ್ಕದೆ ಪರ್ವತವನ್ನೇ ಹೊತ್ತು ತಂದ ಕಥೆಯನ್ನು ನಾವೆಲ್ಲರೂ ಭಕ್ತಿಯಿಂದ ಕೇಳುತ್ತೇವೆ. ಆದರೆ ಆ ಪರ್ವತದಿಂದ ತಕ್ಕ ಮೂಲಿಕೆಯನ್ನು ಆರಿಸಿ ಕೊಟ್ಟವನು ಸುಷೇಣನೆಂಬ ವೈದ್ಯ. ಪ್ರೀತಿಯಿಂದ ಪರ್ವತವನ್ನು ಹೊತ್ತು ತರುವವರು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. ಹೊತ್ತು ತಂದುದನ್ನು ಸುಷೇಣನ ಮುಂದೆ ಇಳಿಸುವ ಧೈರ್ಯವೂ, ಅದನ್ನು ಗದರದೆ ನೋಡುವ ತಾಳ್ಮೆಯುಳ್ಳ ಸುಷೇಣರೂ ನಮಗೆ ಬೇಕಾಗಿದ್ದಾರೆ.